ತೋಟದ ಸೊಂಟದ ಚೂರಿ ಮತ್ತು ಅದರ ತೊಗಲಿನ ಒರೆ: ಕೈಯಲ್ಲೇ ಮಾಡಿಕೊಳ್ಳುವ ಕ್ರಮ

ಮೊದಲು ಒಂದು ದಪ್ಪ ರಟ್ಟು ತೆಗೆದುಕೊಂಡು ಚೂರಿಯನ್ನೂ ಒರೆಯನ್ನೂ ಒಂದೇ ದಿನ ಬರೆದಿಡಿ. ಹೆಚ್ಚಿನವರು ಚೂರಿ ಪೂರ್ತಿ ಮುಗಿಸಿ, ಹಿಡಿ ಹೊಳೆಯುವ ಹಾಗೆ ಉಜ್ಜಿ, ಆಮೇಲೆ ಒರೆಯ ಬಗ್ಗೆ ಯೋಚಿಸುತ್ತಾರೆ. ಆಗ ಹಿಡಿಯ ಹೊಟ್ಟೆ, ಅಂದರೆ ಅದರ ಅತಿ ದಪ್ಪ ಭಾಗ, ಎಲ್ಲೋ ಇರುತ್ತದೆ, ಒರೆಯ ಬಾಯಿ ಎಲ್ಲೋ ಬರುತ್ತದೆ. ಬಗ್ಗಿದರೆ ಚೂರಿ ಜಾರಿ ಕೆಳಗೆ ಬೀಳುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಕಾಟವೂ ಇದೆ. ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸುವ ಕತ್ತಿಗೆ ಗಾಳಿ ಆಡುತ್ತದೆ, ಮುಚ್ಚಿದ ಒರೆಯೊಳಗಿನ ಚೂರಿಗೆ ಆಡುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಳೆಗಾಲದಲ್ಲಿ ಕೆಟ್ಟ ಒರೆ ಒಂದೇ ವಾರದಲ್ಲಿ ಒಳ್ಳೆಯ ಚೂರಿಗೆ ತುಕ್ಕು ಹಿಡಿಸುತ್ತದೆ. ಹಾಗಾಗಿ ಇಲ್ಲಿ ಕೊಟ್ಟಿರುವ ಪ್ರತಿ ಅಳತೆಯೂ ಒರೆಯನ್ನು ಲೆಕ್ಕಕ್ಕೆ ಹಿಡಿದೇ ಇಟ್ಟದ್ದು.

ಹಗ್ಗ ಕತ್ತರಿಸಲು, ಮೆಣಸಿನ ಬಳ್ಳಿಯ ಕಟ್ಟು ಬಿಡಿಸಲು, ಚೀಲ ಸೀಳಲು, ಬಾಳೆಎಲೆ ಕೊಯ್ಯಲು, ಅಡುಗೆಮನೆಗೂ ಒದಗಲು ಇದು ಸಾಕು. ಮರಗಸಿಗೆ, ಅಂದರೆ ಮರದ ಕೊಂಬೆ ಕಡಿಯಲು, ಕತ್ತಿಯೇ ಬೇಕು. ಈ ಚೂರಿಯಲ್ಲಿ ಕೊಂಬೆ ಹೊಡೆಯಲು ಹೋದರೆ ಬಾಯಿ, ಅಂದರೆ ಹರಿತದ ಅಂಚು, ಮುಕ್ಕಾಗುತ್ತದೆ.

ಅಳತೆಗಳು ಹೀಗಿರಲಿ:

ಅಲಗಿನ ಉದ್ದ 100 ಮಿ.ಮೀ., ಬುಡದಲ್ಲಿ ಅಗಲ 26 ಮಿ.ಮೀ.
ಬೆನ್ನಿನ ದಪ್ಪ ಬುಡದಲ್ಲಿ 4 ಮಿ.ಮೀ., ಮೊನೆಯ ಹತ್ತಿರ 2.5 ಮಿ.ಮೀ.
ಹಿಡಿಯೊಳಗೆ ಹೋಗುವ ಬಾಲ 120 ಮಿ.ಮೀ., ಹೆಗಲಿನ ಹತ್ತಿರ (ಅಲಗು ಮುಗಿದು ಬಾಲ ಶುರುವಾಗುವಲ್ಲಿ) 12 ಮಿ.ಮೀ. ಅಗಲ, ತುದಿಗೆ ಬರುವಾಗ 5–6 ಮಿ.ಮೀ.
ಹಿಡಿಯ ಉದ್ದ 105 ಮಿ.ಮೀ.; ಮೊಟ್ಟೆಯಾಕಾರದ ಸುತ್ತು, ಹೊಟ್ಟೆಯಲ್ಲಿ 30 × 22, ಮುಂದೆ 26 × 19 ಮಿ.ಮೀ.
ಅಲಗಿಗೂ ಹಿಡಿಗೂ ನಡುವೆ ಬರುವ ಹಿತ್ತಾಳೆ ತಗಡು 5 ಮಿ.ಮೀ. ದಪ್ಪ, ಹಿಡಿಯ ಹಿಂತುದಿಯ ಹಿತ್ತಾಳೆ ಬಿಲ್ಲೆ 2 ಮಿ.ಮೀ.

ಹಿಡಿಯ ಹೊಟ್ಟೆ ಹಿತ್ತಾಳೆ ತಗಡಿನಿಂದ ಸುಮಾರು 30 ಮಿ.ಮೀ. ಹಿಂದೆ ಬರಬೇಕು, ಒರೆಯ ಬಾಯಿ 40 ಮಿ.ಮೀ. ಹತ್ತಿರ. ತೊಗಲು ಹೊಟ್ಟೆಯನ್ನು ದಾಟಿ ಹಿಂದಕ್ಕೆ ಸ್ವಲ್ಪ ಮುಚ್ಚಿಕೊಳ್ಳುವುದರಿಂದ ಗುಂಡಿ, ಪಟ್ಟಿ ಯಾವುದೂ ಬೇಡ. ಚೂರಿ ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ಬೆರಳು ತಡೆಯಲೆಂದು ದೊಡ್ಡ ಅಡ್ಡಪಟ್ಟಿ ಇಟ್ಟರೆ ಈ ಬಗೆಯ ಒರೆ ಹೊಂದುವುದೇ ಇಲ್ಲ.

ಅಲಗನ್ನು ಬೇಕೆಂದಷ್ಟು ಉದ್ದ ಮಾಡುವ ಆಸೆಯೂ ಬೇಡ. ಮನೆಗೆಲಸ, ಬೇಸಾಯಕ್ಕೆಂದು ಮಾಡಿದ್ದಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚೂರಿಗಳನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧದ ಪಟ್ಟಿಗೆ ಸೇರಿಸುತ್ತವೆ. ನಮ್ಮದು 4 ಇಂಚು.

ಉಕ್ಕು ಯಾವುದು

ಜೀಪಿನ ಸ್ಪ್ರಿಂಗ್ ಪಟ್ಟಿ ಒಳ್ಳೆಯದು. ಅದರಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟಿದ್ದು, ಎಣ್ಣೆಯಲ್ಲೇ ಗಟ್ಟಿಯಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಲಾರಿಯ ಪಟ್ಟಿಯೂ ಅದೇ ಜಾತಿ, ಆದರೆ 10–12 ಮಿ.ಮೀ. ದಪ್ಪವನ್ನು ಒಬ್ಬರೇ ಸುತ್ತಿಗೆಯಲ್ಲಿ 4ಕ್ಕೆ ಇಳಿಸುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ, 6–7 ಮಿ.ಮೀ. ಪಟ್ಟಿ ಹುಡುಕಿ. ಮನೆ ಕಟ್ಟಿ ಮಿಕ್ಕಿದ ಟಿಎಂಟಿ ಕಂಬಿಯಲ್ಲಿ ಚೂರಿ ಮಾಡಬೇಡಿ. ಇಂಗಾಲ ಕಡಿಮೆ ಇರುವ ಕಾರಣ ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲುವುದಿಲ್ಲ. ಹಳೆಯ ಅರವೂ ಒಳ್ಳೆಯ ಉಕ್ಕೇ, ಆದರೆ ಕೆಲವು ಅಗ್ಗದ ಅರಗಳು ಮೇಲ್ಮೈಯಲ್ಲಿ ಮಾತ್ರ ಗಟ್ಟಿ, ಒಳಗೆ ಬರೀ ಮೆದು ಕಬ್ಬಿಣ. ಸತು ಲೇಪಿಸಿದ ಜಿಐ ಸಾಮಾನನ್ನು ಕುಲುಮೆಗೆ ಇಡಲೇಬಾರದು, ಅದರ ಬಿಳಿ ಹೊಗೆ ಜ್ವರ ಬರಿಸುತ್ತದೆ.

ಗುಜರಿಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಮಧ್ಯದ ಬೋಲ್ಟ್ ತೂತಿನ ಸುತ್ತಲಿನ ಭಾಗ ಬಿಟ್ಟು ತುದಿಯ ಕಡೆಯದನ್ನು ತೆಗೆದುಕೊಳ್ಳಿ. ತುಕ್ಕು ಉಜ್ಜಿ, ಹತ್ತು ನಿಮಿಷ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಇಟ್ಟು, ಚೆನ್ನಾಗಿ ಒರೆಸಿ, ಚಾಕ್‌ಪೀಸ್ ಪುಡಿ ಉದುರಿಸಿ. ಬಿರುಕಿದ್ದರೆ ಒಳಗಿನ ಎಣ್ಣೆ ಪುಡಿಗೆ ಏರಿ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡ ತುಂಡಿನ ಮೇಲೆ ಕೂಲಿ ಹಾಕಬೇಡಿ.

ಉಕ್ಕು ಗಟ್ಟಿಯಾಗುವ ಜಾತಿಯೇ ಎಂದು ತಿಳಿಯಲು ಬೆರಳುದ್ದ ತುಂಡು ಕತ್ತರಿಸಿ, ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಆರಿದ ಮೇಲೆ ವೈಸಿಗೆ ಕಚ್ಚಿಸಿ, ಮೇಲೊಂದು ಗೋಣಿಚೀಲ ಹೊದಿಸಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಲ್ಲಿ ಹೊಡೆಯಿರಿ. ಗಾಜಿನಂತೆ ಪಟ್ಟನೆ ಮುರಿದರೆ ಸರಿಯಾದ ಉಕ್ಕು. ಬಾಗಿದರೆ ಗೇಟಿನ ಚಿಲಕಕ್ಕೆ ಬಳಸಿ. ನೀರಿನ ಮಾತು ಈ ಪರೀಕ್ಷೆಗೆ ಮಾತ್ರ.

ಕುಲುಮೆ ಕೆಲಸ

ಪಟ್ಟಿಯನ್ನು ಆಂಗಲ್ ಗ್ರೈಂಡರ್‌ನಲ್ಲಿ ಉದ್ದಕ್ಕೆ ಸೀಳಿ 25 ಮಿ.ಮೀ. ಅಗಲದ, 300 ಮಿ.ಮೀ. ಉದ್ದದ ತುಂಡು ಮಾಡಿಕೊಳ್ಳಿ. ಚೂರಿಗೆ ಬೇಕಿರುವುದು ಇದರಲ್ಲಿ ಸುಮಾರು ಮೂರನೇ ಒಂದು ಭಾಗ, 110 ಮಿ.ಮೀ.ಯಷ್ಟೇ. ಉಳಿದದ್ದು ಹಿಡಿದುಕೊಳ್ಳಲು, ಕೈಗೆ ಚರ್ಮದ ಗ್ಲೌಸ್ ಇದ್ದರೆ ಅಲಗು ತಟ್ಟಿ ಮುಗಿಯುವವರೆಗೆ ಇಕ್ಕಳವೇ ಬೇಡ.

ಬೆಂಕಿಗೆ ಮರದ ಇದ್ದಲಿಗಿಂತ ತೆಂಗಿನ ಚಿಪ್ಪಿನ ಇದ್ದಲು ಚುರುಕು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಅದಕ್ಕೆ ಬರವಿಲ್ಲ. ತಿದಿ ಇಲ್ಲದಿದ್ದರೆ ಸಣ್ಣ ಬ್ಲೋಯರ್ ಸಾಕು. ಉಕ್ಕು ಮಾಗಿದ ಕಿತ್ತಳೆಯ ಬಣ್ಣಕ್ಕೆ ಬಂದಾಗ ಅಡಿಗಲ್ಲಿನ (ಕಮ್ಮಾರರು ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿಯ) ಮೇಲಿಟ್ಟು ತಟ್ಟಿ, ಮಂಕು ಕೆಂಪಿಗೆ ಇಳಿದ ಕೂಡಲೇ ಕೈ ನಿಲ್ಲಿಸಿ ಮತ್ತೆ ಬೆಂಕಿಗಿಡಿ. ತಣ್ಣಗಾದ ಉಕ್ಕನ್ನು ಹೊಡೆಯುವುದೇ ಮುಂದೆ ಹದ ಹಾಕುವಾಗ, ಅಂದರೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವಾಗ, ಬಿರಿಯಲು ಮೊದಲ ಕಾರಣ. ತೀರಾ ಬಿಳಿಚಿಕೊಂಡು ಕಿಡಿ ಚಿಮ್ಮಿದರೆ ಅಷ್ಟು ಭಾಗ ಸುಟ್ಟಿತೆಂದೇ ಲೆಕ್ಕ. ಅದನ್ನು ಉಳಿಸುವ ಉಪಾಯವಿಲ್ಲ, ಕತ್ತರಿಸಿ ಬಿಸಾಡಿ.

ಮೊದಲು ಮೊನೆ ಮಾಡಿ. ಬಳಿಕ, ಬಾಯಿ ತೆಳುವು ಮಾಡುವ ಮುನ್ನ, ಇಡೀ ಅಲಗನ್ನು ಕುಡುಗೋಲಿನಂತೆ ಬಾಯಿಯ ಕಡೆಗೆ ತುಸು ಬಗ್ಗಿಸಿ. ತಟ್ಟಿದಾಗ ಬಾಯಿಯ ಕಡೆ ಉಕ್ಕು ಹಿಗ್ಗಿ ಉದ್ದವಾಗುತ್ತದೆ, ಬೆನ್ನು ಇದ್ದಷ್ಟೇ ಇರುತ್ತದೆ, ಅಲಗು ತಾನಾಗಿ ಬೆನ್ನಿನ ಕಡೆಗೆ ಬಾಗುತ್ತದೆ. ಮೊದಲೇ ಎದುರು ದಿಕ್ಕಿಗೆ ಬಗ್ಗಿಸಿದ್ದರೆ ಕೊನೆಗೆ ನೆಟ್ಟಗಾಗುತ್ತದೆ. ಎರಡೂ ಮೈಗೆ ಸಮನಾಗಿ ಪೆಟ್ಟು ಬೀಳಲಿ. ಒಂದೇ ಕಡೆ ತಟ್ಟಿದ ಅಲಗು ಎಣ್ಣೆಗೆ ಬಿದ್ದಾಗ ತಿರುಚಿಕೊಳ್ಳುತ್ತದೆ. ಬೆನ್ನು 4.5, ಬಾಯಿ 2 ಮಿ.ಮೀ. ಇರುವಾಗ ನಿಲ್ಲಿಸಿ. ಉಳಿದದ್ದು ಅರದ ಕೆಲಸ. ಈಗ ಹಿಡಿದುಕೊಂಡಿದ್ದ ಭಾಗವನ್ನು ಕತ್ತರಿಸಿ, ಅಲಗನ್ನು ಇಕ್ಕಳದಲ್ಲಿ ಹಿಡಿದು, ಬಾಲವನ್ನು ತಟ್ಟಿ ಉದ್ದ ಮಾಡಿ.

ತಟ್ಟುವುದು ಮುಗಿದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ, ಪ್ರತಿ ಸಲವೂ ಗಾಳಿಯಲ್ಲೇ ಕಪ್ಪಾಗುವವರೆಗೆ ಆರಿಸಿ. ಎರಡನೆಯ ಸಲ ಮೊದಲಿಗಿಂತ ಕಡಿಮೆ, ಮೂರನೆಯದು ಇನ್ನೂ ಕಡಿಮೆ ಬಿಸಿ. ಇದರಿಂದ ಉಕ್ಕಿನೊಳಗಿನ ಕಾಳು ಸಣ್ಣದಾಗುತ್ತದೆ, ಸುತ್ತಿಗೆಯ ಬಿಗಿ ಸಡಿಲಾಗುತ್ತದೆ. ಕೊನೆಗೊಮ್ಮೆ ಕಾಯಿಸಿ, ಒಣ ಉಮಿಬೂದಿ ತುಂಬಿದ ಡಬ್ಬದಲ್ಲಿ ರಾತ್ರಿಯಿಡೀ ಹೂತಿಡಿ. ಬೆಳಗ್ಗೆ ಅರ ಕಚ್ಚುವಷ್ಟು ಮೆದುವಾಗಿರುತ್ತದೆ.

ಅರ

ಮೇಲಿನ ಕಪ್ಪು ಹೊಪ್ಪಳೆ ಅರದ ಹಲ್ಲು ತಿನ್ನುತ್ತದೆ. ಚೂರಿಯನ್ನು ಒಂದು ರಾತ್ರಿ ವಿನಿಗರ್‌ನಲ್ಲಿಟ್ಟು ಬೆಳಗ್ಗೆ ಉಜ್ಜಿದರೆ ಅದು ಬಿಡುತ್ತದೆ. ಬಳಿಕ ಸೋಡಾಪುಡಿ ಹಾಕಿದ ನೀರಲ್ಲಿ ತೊಳೆಯಿರಿ. 12 ಇಂಚಿನ ಒರಟು ಅರದಲ್ಲಿ ಶುರುಮಾಡಿ, ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ. ಬೆನ್ನಿನಿಂದ ಬಾಯಿಯವರೆಗೂ ಒಂದೇ ಸಪಾಟು ಇಳಿಜಾರು ಬರಬೇಕು. ಬಾಯಿಯ ಅಂಚಿಗೆ ಮಾರ್ಕರ್ ಬಳಿದು ನಡುವೆ ಒಂದು ಗೆರೆ ಗೀಚಿಕೊಂಡರೆ ಎರಡೂ ಕಡೆ ಸಮ ಬರುತ್ತದೆ.

ಬಾಯಿಯನ್ನು ಈಗಲೇ ಹರಿತ ಮಾಡಬೇಡಿ, 0.8 ಮಿ.ಮೀ. ದಪ್ಪ ಉಳಿಸಿ. ತೆಳುವಾದ ಬಾಯಿ ಎಣ್ಣೆಯಲ್ಲಿ ಅಲೆಅಲೆಯಾಗುತ್ತದೆ, ಇಲ್ಲವೇ ಬಿರಿಯುತ್ತದೆ. ಇನ್ನೊಂದು ಮುಖ್ಯ ಜಾಗ ಹೆಗಲು, ಅಂದರೆ ಅಲಗು ಮುಗಿದು ಬಾಲ ಶುರುವಾಗುವ ಮೂಲೆ. ಅಲ್ಲಿ ಚೌಕ ಮೂಲೆ ಬಿಟ್ಟರೆ ಇಂದಲ್ಲ ನಾಳೆ ಚೂರಿ ಅಲ್ಲೇ ಮುರಿಯುತ್ತದೆ. ದುಂಡು ಅರದಲ್ಲಿ 2–3 ಮಿ.ಮೀ. ಗುಂಡಗೆ ತಿರುಗಿಸಿ. ಕೊನೆಗೆ 120, 220ರ ಎಮರಿ ಹಾಳೆಯಲ್ಲಿ ಉದ್ದಕ್ಕೆ ಉಜ್ಜಿ. ಅಡ್ಡಗೀರು ಒಂದೂ ಉಳಿಯಬಾರದು, ಬಿರುಕು ಅಡ್ಡಗೀರಿನಿಂದಲೇ ಹೊರಡುತ್ತದೆ.

ಹದ

ಇಡೀ ಕೆಲಸದಲ್ಲಿ ಅತಿ ಕಡಿಮೆ ಹೊತ್ತು ಹಿಡಿಯುವುದು ಹದ. ಚೂರಿ ಹಾಳಾಗುವುದೂ ಹೆಚ್ಚಾಗಿ ಇಲ್ಲೇ.

ಕುಲುಮೆಯಲ್ಲಿ ಕತ್ತಿಗೆ ಹದ ಹಾಕುವಾಗ ಬಾಯನ್ನು ಮಾತ್ರ ನೀರಿಗೆ ತಾಗಿಸಿ, ಬೆನ್ನಿನಲ್ಲಿ ಉಳಿದ ಬಿಸಿಯಿಂದಲೇ ಬಣ್ಣ ಓಡಿಸಿ ಪೆಡಸು ಇಳಿಸುವುದುಂಟು. ದಪ್ಪ ಕತ್ತಿಗೆ, ಪಳಗಿದ ಕೈಗೆ ಅದು ಸರಿ. ತೆಳು ಚೂರಿಯನ್ನು ನೀರಿಗಿಟ್ಟರೆ ಟಿಣ್ ಎನ್ನುವ ಸದ್ದು ಕೇಳುವ ಸಾಧ್ಯತೆಯೇ ಹೆಚ್ಚು. ಆ ಸದ್ದು ಕೇಳಿಸಿತೆಂದರೆ ಬಿರುಕು ಬಿಟ್ಟಿದೆ. ಹಾಗಾಗಿ ಎಣ್ಣೆ.

ನಾಲ್ಕು ಲೀಟರ್ ಕಡಲೆಕಾಯಿ ಎಣ್ಣೆ, ಚೂರಿ ನೆಟ್ಟಗೆ ಮುಳುಗುವಷ್ಟು ಆಳದ ಲೋಹದ ಡಬ್ಬ, ಮುಚ್ಚಲು ಲೋಹದ ಮುಚ್ಚಳ. ಪ್ಲಾಸ್ಟಿಕ್ ಬಕೆಟ್ ಹತ್ತಿರವೂ ಇರಕೂಡದು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಮುಚ್ಚಳ ಹಾಕಬೇಕು. ಗ್ಯಾರೇಜಿನ ಕಪ್ಪು ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ ನಿಜ, ಅದರ ಹೊಗೆ ಮಾತ್ರ ಎದೆಗೆ ಒಳ್ಳೆಯದಲ್ಲ. ಕಾದ ಕಬ್ಬಿಣದ ತುಂಡೊಂದನ್ನು ಎಣ್ಣೆಯಲ್ಲಿ ಅದ್ದಿ 50–60 ಡಿಗ್ರಿಗೆ ತನ್ನಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಹರಿದು ಬೇಗ ಬಿಸಿ ಎಳೆಯುತ್ತದೆ, ತಣ್ಣಗಿನದು ನಿಧಾನ.

ಸಂಜೆಗತ್ತಲಲ್ಲಿ ಮಾಡಿ. ಮಧ್ಯಾಹ್ನದ ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತದೆ: ಕೆಂಪು ಕಾಣದೆ ಹೆಚ್ಚು ಕಾಯಿಸಿಬಿಡುತ್ತೀರಿ. ಬಾಯಿ ಮೇಲೆ, ಬೆನ್ನು ಕೆಂಡದ ಕಡೆ ಇರಲಿ, ತೆಳು ಬಾಯಿ ಮೊದಲೇ ಕಾದುಬಿಡಬಾರದು. ತಂತಿಗೆ ಕಟ್ಟಿದ ಆಯಸ್ಕಾಂತವನ್ನು ಆಗಾಗ ತಾಗಿಸಿ ನೋಡಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಗೇ ಅದ್ದಿದರೆ ಸಾಲದು. ಇನ್ನೊಂದು ಹೆಜ್ಜೆ, ಸುಮಾರು 840 ಡಿಗ್ರಿ ಬೇಕು. ಹಣ್ಣಾದ ಕಾಫಿಯ ಕೆಂಪಿಗಿಂತ ಒಂದು ಪಾಲು ತಿಳಿ ಎಂದು ನೆನಪಿಟ್ಟುಕೊಳ್ಳಿ. ಅಲಗಿನುದ್ದಕ್ಕೂ ಒಂದೇ ಬಣ್ಣ ಬಂದ ಮೇಲೆ ಎರಡು ಮೂರು ನಿಮಿಷ ಹಾಗೇ ಹಿಡಿದು, ಮೊನೆ ಮುಂದಾಗಿ ನೆಟ್ಟಗೆ ಎಣ್ಣೆಗೆ ಇಳಿಸಿ. ಹಗ್ಗ ಕೊಯ್ಯುವ ಹಾಗೆ ಬಾಯಿ–ಬೆನ್ನಿನ ದಿಕ್ಕಿನಲ್ಲಿ ಆಡಿಸಿ, ಪಕ್ಕಕ್ಕೆ ಬೀಸಿದರೆ ಒಂದು ಮೈ ಬೇಗ ತಣಿದು ಅಲಗು ಬಾಗುತ್ತದೆ. ಹತ್ತು ಹನ್ನೆರಡು ಎಣಿಸಿ ತೆಗೆದು ನೋಡಿ. ಸ್ವಲ್ಪ ಸೊಟ್ಟಗಿದ್ದರೆ ಗ್ಲೌಸ್ ಹಾಕಿದ ಕೈಯಲ್ಲಿ ಆಗಲೇ ಒತ್ತಿ ನೇರ ಮಾಡಬಹುದು, ಕೆಲವೇ ಕ್ಷಣ ಅವಕಾಶ. ಪೂರ್ತಿ ತಣಿದ ಮೇಲೆ ಒತ್ತಿದರೆ ಎರಡು ತುಂಡು.

ಬಾಯಿಯ ಮೇಲೆ ಅರ ಎಳೆಯಿರಿ. ಗಾಜಿನ ಮೇಲಿನ ಹಾಗೆ ಜಾರಿದರೆ ಹದ ಹತ್ತಿದೆ. ಮೊದಲ ಎಳೆತಕ್ಕೆ ತುಸು ಕಚ್ಚಿದರೆ ಗಾಬರಿ ಬೇಡ. ಕಾಯಿಸುವಾಗ ಮೇಲ್ಪದರದ ಇಂಗಾಲ ಸುಟ್ಟಿರುತ್ತದೆ, ಅದೇ ಜಾಗದಲ್ಲಿ ಮೂರು ನಾಲ್ಕು ಸಲ ಎಳೆದು ನೋಡಿ. ಆಗಲೂ ಕಚ್ಚುತ್ತಿದ್ದರೆ ಬಿಸಿ ಸಾಲದಾಗಿದೆ: ಮತ್ತೊಮ್ಮೆ ಗಾಳಿಯಲ್ಲಿ ಆರಿಸುವ ಕ್ರಮ ಮುಗಿಸಿ ಪುನಃ ಅದ್ದಬೇಕು.

ಈ ಹೊತ್ತಿನಲ್ಲಿ ಚೂರಿ ಗಾಜಿನಷ್ಟೇ ಪೆಡಸು, ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಮುರಿಯಬಹುದು. ಒಂದು ಗಂಟೆಯೊಳಗೆ ಪೆಡಸು ಇಳಿಸಬೇಕು. ಮೇಲ್ಮೈ ಉಜ್ಜಿ ಬೆಳ್ಳಗೆ ಮಾಡಿ, ಓಟಿಜಿ (ಕೇಕ್ ಬೇಯಿಸುವ ವಿದ್ಯುತ್) ಒವನ್‌ನಲ್ಲಿ ಮರಳು ತುಂಬಿದ ತಟ್ಟೆಯೊಳಗೆ ಹೂತು 200 ಡಿಗ್ರಿಯಲ್ಲಿ ಎರಡು ಗಂಟೆ. ತಣಿಸಿ, ಮತ್ತೆ ಎರಡು ಗಂಟೆ. ಒವನ್‌ನ ಗುಂಡಿ ತೋರಿಸುವ ಡಿಗ್ರಿ ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ಹೊರಬಂದಾಗ ಅಲಗಿಗೆ ಒಣಹುಲ್ಲಿನ ಬಣ್ಣ ಇರಬೇಕು. ಕಂದು ಬಂದಿದ್ದರೆ ಬಾಯಿ ತುಸು ಮೆದು, ನಡೆಯುತ್ತದೆ. ನೀಲಿ ಬಂದಿದ್ದರೆ ಅದು ಚೂರಿಯಾಗಿ ಉಳಿದಿಲ್ಲ, ಮತ್ತೆ ಸ್ಪ್ರಿಂಗ್ ಆಯಿತು.

ಬಾಲಕ್ಕೆ ಮಾತ್ರ ಆ ನೀಲಿಯೇ ಬೇಕು. ಅಲಗನ್ನು ನೀರಿನಲ್ಲಿ ಮುಳುಗಿಸಿ ಹಿಡಿದು, ಹೊರಗಿರುವ ಬಾಲಕ್ಕೆ ಗ್ಯಾಸ್ ಟಾರ್ಚ್ ಕೊಡಿ. ತುದಿಯನ್ನು ಇನ್ನೂ ಸ್ವಲ್ಪ ಹೆಚ್ಚು ಮೆದು ಮಾಡಿ, ಅದನ್ನೇ ಮುಂದೆ ಸುತ್ತಿಗೆಯಲ್ಲಿ ಬಡಿದು ಮೊಳೆತಲೆಯಂತೆ ಅರಳಿಸಬೇಕು.

ಈಗ ಅಲಗನ್ನು ಕಲ್ಲು, ಎಮರಿಯಲ್ಲಿ ತೆಳುವು ಮಾಡಿ ಬಾಯಿಯನ್ನು 0.4 ಮಿ.ಮೀ.ಗೆ ತನ್ನಿ. ಯಂತ್ರದ ಸಾಣೆ ಬಳಸಿದರೆ ಎರಡೆರಡು ಎಳೆತಕ್ಕೊಮ್ಮೆ ನೀರಿಗೆ ಅದ್ದಿ. ಕೈಗೆ ಬಿಸಿ ತಾಗುತ್ತಿದೆ ಎಂದರೆ ತೆಳು ಬಾಯಿ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಹರಿತ ಮಾಡುವುದನ್ನು ಈಗಲೂ ಮುಂದೂಡಿ. ಒರೆ ಹೊಲಿಯುವಾಗ ಮೊಂಡು ಚೂರಿಯೇ ಅನುಕೂಲ.

ಬೇಕಿದ್ದರೆ ಅಲಗಿಗೆ ಕಾಫಿಯ ಬಣ್ಣ ಕೊಡಬಹುದು. ಅರ್ಧ ಲೀಟರ್ ಬಿಸಿನೀರಿಗೆ 50 ಗ್ರಾಂ ಇನ್‌ಸ್ಟಂಟ್ ಕಾಫಿಪುಡಿ. ಸೋಪಿನಲ್ಲಿ ಎಣ್ಣೆಪಸೆ ಪೂರ್ತಿ ತೆಗೆದ ಅಲಗನ್ನು ನಾಲ್ಕೈದು ಗಂಟೆ ಅದರಲ್ಲಿ ಮುಳುಗಿಸಿ. ಬೂದುಗಪ್ಪು ಪದರ ಕೂರುತ್ತದೆ, ಬರಿಯ ಉಕ್ಕಿಗಿಂತ ನಿಧಾನಕ್ಕೆ ತುಕ್ಕು ಹಿಡಿಯುತ್ತದೆ. ಬೆರಳಚ್ಚು ಬಿದ್ದಲ್ಲಿ ಮಾತ್ರ ಬಣ್ಣ ಹತ್ತುವುದಿಲ್ಲ.

ಹಿಡಿ

ಹಳೆಯ ಕಾಫಿ ಗಿಡ ಕಿತ್ತಾಗ ಸಿಗುವ ಬೊಡ್ಡೆ ಹಿಡಿಗೆ ಬಹಳ ಒಳ್ಳೆಯ ಮರ: ಎಳೆ ಸಣ್ಣ, ತೂಕ ಸರಿ, ಉಜ್ಜಿದರೆ ನುಣುಪು. ತೊಂದರೆ ಒಂದೇ, ತಿರುಳು ಸೇರಿದರೆ ಸೀಳುತ್ತದೆ. ನಟ್ಟನಡುವಿನ ತಿರುಳು ಬಿಟ್ಟು ಪಕ್ಕದಿಂದ 120 × 40 × 32 ಮಿ.ಮೀ. ತುಂಡು ತೆಗೆದು, ಎರಡೂ ತುದಿಗೆ ಮೇಣ ಬಳಿದು, ಒಲೆಯ ಮೇಲಿನ ಅಟ್ಟದಲ್ಲಿಡಿ. ವಾರಕ್ಕೊಮ್ಮೆ ತೂಕ ಹಾಕಿ. ಮೂರು ವಾರ ಒಂದೇ ತೂಕ ತೋರಿಸಿದರೆ ಒಣಗಿದೆ. ಆಯುಧಪೂಜೆಗೆ ಚೂರಿ ಸಿದ್ಧವಾಗಬೇಕೆಂದರೆ ಮರವನ್ನು ಬೇಸಗೆಯಲ್ಲೇ ಅಟ್ಟಕ್ಕೇರಿಸಿರಬೇಕು. ಹಲಸು, ಪೇರಳೆ ಕೂಡ ಆಗುತ್ತವೆ. ಸಿಲ್ವರ್ ಓಕ್ ಮೆದು, ಬೇಡ. ಬೀಟೆ ಬೇಕಿದ್ದರೆ ಪೀಠೋಪಕರಣದ ಅಂಗಡಿಯಿಂದ ಬಿಲ್ ಸಹಿತ ಚೂರುಪಾರು ತನ್ನಿ, ತೋಟದ ಬೀಟೆಗೆ ಅನುಮತಿಯಿಲ್ಲದೆ ಕೈ ಹಾಕುವಂತಿಲ್ಲ. ಕಡವೆ ಕೊಂಬಿನ ಹಿಡಿ ಹಳೆಯ ಮನೆಗಳಲ್ಲಿ ಕಾಣಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನೂ ಮನೆಗೆ ತರುವಂತಿಲ್ಲ. ಎಮ್ಮೆಕೊಂಬಿಗೆ ಆ ತೊಡಕಿಲ್ಲ.

ಹಿತ್ತಾಳೆ ತಗಡಿಗೆ ಬಾಲದ ಅಳತೆಯ ಸೀಳು ಕೊರೆಯಿರಿ: 3.5 ಮಿ.ಮೀ. ತೂತುಗಳನ್ನು ಸಾಲಾಗಿ ಹಾಕಿ, ಸಣ್ಣ ಅರದಲ್ಲಿ ಒಂದಾಗಿಸಿ. ಕೊನೆಯ ಕೂದಲೆಳೆಯನ್ನು ಮರದ ಕೊಡತಿಯಲ್ಲಿ ತಟ್ಟಿ ಕೂರಿಸುವಷ್ಟು ಬಿಗಿಯಿರಲಿ, ಏಕೆಂದರೆ ಮಳೆನೀರು ಹಿಡಿಯೊಳಗೆ ಇಳಿಯುವ ದಾರಿ ಇದೇ.

ಮರಕ್ಕೆ 5 ಮಿ.ಮೀ. ಡ್ರಿಲ್‌ನಲ್ಲಿ ಉದ್ದಕ್ಕೂ ತೂತು ಹೊಡೆದು, ಮುಂದಿನ ಅರ್ಧಕ್ಕೆ ಪಕ್ಕದಲ್ಲಿ ಇನ್ನೆರಡು. ಉಳಿದ ಆಕಾರವನ್ನು ಸುಟ್ಟು ಕೂರಿಸುವುದು ಹಳೆಯ ಪದ್ಧತಿ. ಆದರೆ ಚೂರಿಯ ಬಾಲವನ್ನೇ ಕೆಂಪಗೆ ಕಾಯಿಸಿ ತುರುಕಬೇಡಿ, ಬಿಸಿ ಅಲಗಿಗೆ ಹರಿದು ಹದ ಇಳಿಯುತ್ತದೆ. ಅದೇ ಅಳತೆಯ ಸಾದಾ ಕಬ್ಬಿಣದ ತುಂಡೊಂದನ್ನು ಅರೆದು, ಅದನ್ನು ಕಾಯಿಸಿ ಸುಡಿ. ಇದ್ದಿಲಾದ ಪದರವನ್ನು ಕೆರೆದು ತೆಗೆಯಿರಿ, ಅಂಟು ಅದರ ಮೇಲೆ ಹಿಡಿಯುವುದಿಲ್ಲ.

ಅಂಟಿಗೆ ಹಳಬರು ಅರಗಿಗೆ ಇಟ್ಟಿಗೆಪುಡಿ ಬೆರೆಸಿ ಕಾಯಿಸಿ ಸುರಿಯುತ್ತಿದ್ದರು. ಈಗಲೂ ಆಗುತ್ತದೆ, ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಮರೆತುಬಿಟ್ಟರೆ ಮಾತ್ರ ಮೆತ್ತಗಾಗುತ್ತದೆ. ಅರಾಲ್ಡೈಟ್ ಆದರೆ ಎರಡೂ ಟ್ಯೂಬ್ ಸಮಸಮ, 24 ಗಂಟೆ ಮುಟ್ಟದೆ ಬಿಡಿ. ಮರುದಿನ ಹಿಂಬದಿಯ ಬಿಲ್ಲೆ ಹಾಕಿ, ಬಾಲದ ತುದಿ ಬಿಲ್ಲೆಯಿಂದ 2–3 ಮಿ.ಮೀ. ಹೊರಗುಳಿಯುವಂತೆ ಕತ್ತರಿಸಿ, ಸಣ್ಣ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ಅರಳಿಸಿ. ಒಂದೇ ದೊಡ್ಡ ಪೆಟ್ಟಿಗೆ ಬಾಲ ಬಾಗುತ್ತದೆ, ನೂರು ಸಣ್ಣ ಪೆಟ್ಟು ಹಾಕಿ. ಆಮೇಲೆ ಹಿಡಿಯ ಆಕಾರ ತೆಗೆದು, 400ರ ಎಮರಿಯವರೆಗೆ ಉಜ್ಜಿ, ಕುದಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಮೂರು ಸಲ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ.

ಒರೆ

ತೊಗಲಿನ ಆಯ್ಕೆಯಲ್ಲಿ ತಪ್ಪಿದರೆ ಮುಂದಿನ ಹೊಲಿಗೆ ಎಷ್ಟು ಅಂದವಾದರೂ ವ್ಯರ್ಥ. ಬೇಕಿರುವುದು ಮರದ ತೊಗಟೆ, ಕಾಯಿಗಳಲ್ಲಿ ಹದ ಮಾಡಿದ 3 ಮಿ.ಮೀ. ದಪ್ಪದ ತೊಗಲು. ತಂಗಡಿ ತೊಗಟೆ, ಅಳಲೆಕಾಯಿ ಈ ಕೆಲಸಕ್ಕೆ ಹಿಂದಿನಿಂದ ಬಳಕೆಯಲ್ಲಿವೆ. ಬ್ಯಾಗು, ಸೋಫಾದ ತೊಗಲು ಹೆಚ್ಚಾಗಿ ಕ್ರೋಮ್ ಹದದ್ದು. ಅದು ಮೆತ್ತಗೆ ಜೋಲುತ್ತದೆ, ಒದ್ದೆ ಮಾಡಿ ಒತ್ತಿದ ಆಕಾರ ನಿಲ್ಲುವುದಿಲ್ಲ, ಅದರಲ್ಲಿ ಉಳಿದ ಲವಣ ಅಲಗನ್ನು ತಿನ್ನುತ್ತದೆ. ಗುರುತಿಸುವುದು ಸುಲಭ: ಕತ್ತರಿಸಿದ ಅಂಚು ಕಂದಾಗಿದ್ದರೆ ನಮಗೆ ಬೇಕಾದ್ದು, ನೀಲಿಬೂದು ಇದ್ದರೆ ಕ್ರೋಮ್. ಬಣ್ಣ ಹಾಕದ ಸರಿಯಾದ ತೊಗಲಿನ ಮೇಲೆ ನೀರಿನ ಹನಿ ಬಿಟ್ಟರೆ ಹೀರಿ ಕಪ್ಪಾಗುತ್ತದೆ. 30 × 20 ಸೆಂ.ಮೀ. ತುಂಡು ಸಾಕು.

ಮಡಿಕೆ ಬೆನ್ನಿನ ಕಡೆ, ಹೊಲಿಗೆ ಬಾಯಿಯ ಕಡೆ. ಬಿಚ್ಚಿ ಹರಡಿದಾಗ ಒರೆಯ ಅಗಲ ಮೇಲೆ 112 ಮಿ.ಮೀ., ಅಲಗಿನ ಭಾಗದಲ್ಲಿ 86 ಮಿ.ಮೀ., ಉದ್ದ 153 ಮಿ.ಮೀ. ಲೆಕ್ಕ ಹೀಗೆ: ಹಿಡಿಯ ಹೊಟ್ಟೆಯ ಸುತ್ತಳತೆ 82, ತೊಗಲಿನ ದಪ್ಪಕ್ಕೆ 10, ಎರಡೂ ಕಡೆ ಹೊಲಿಗೆಯಂಚು ಹತ್ತತ್ತು. ನಿಮ್ಮ ಹಿಡಿ ಬೇರೆ ಅಳತೆಯದಾದರೆ ದಾರ ಸುತ್ತಿ ಅಳೆದು ಇದೇ ಲೆಕ್ಕ ಹಾಕಿ. ರಟ್ಟಿನ ಮಾದರಿಯನ್ನು ಚೂರಿಗೆ ಸುತ್ತಿ ನೋಡಿಯೇ ತೊಗಲಿಗೆ ಕೈ ಹಾಕಿ. ಹೊರಮೈ ಯಾವುದೆಂದು ಗುರುತು ಮಾಡಿಕೊಳ್ಳಿ; ಮಾದರಿ ಮಗುಚಿಬಿದ್ದರೆ ಬಲಗೈಯವರಿಗೆ ಎಡಗೈ ಒರೆ ಸಿದ್ಧವಾಗುತ್ತದೆ.

ಬೆಲ್ಟ್ ಹಾಯುವ ಪಟ್ಟಿ 25 ಮಿ.ಮೀ. ಅಗಲ, ಮಡಚಿದಾಗ ಒಳಗೆ 50 ಮಿ.ಮೀ. ಜಾಗ. ಅದನ್ನು ಒರೆ ಮಡಚುವ ಮೊದಲೇ ಹೊಲಿಯಿರಿ. ಮರೆತರೆ ಆಮೇಲೆ ಸೂಜಿ ಒಳಹೋಗುವುದಿಲ್ಲ.

ಎರಡು ಅಂಚಿನ ನಡುವೆ 10 ಮಿ.ಮೀ. ಅಗಲದ ತೊಗಲಿನ ನಡುಪಟ್ಟಿ ಇಡಬೇಕು. ಕೆಲವರು ಇದನ್ನು ಬಿಡುತ್ತಾರೆ. ಆಗ ಬಾಯಿ ನೇರವಾಗಿ ದಾರಕ್ಕೆ ತಾಗಿ, ಒಂದು ತಿಂಗಳಲ್ಲಿ ಒರೆ ಒಳಗಿನಿಂದಲೇ ಬಿಚ್ಚಿಕೊಂಡು ಮೊನೆ ತೊಡೆಗೆ ಬರುತ್ತದೆ. ರಬ್ಬರ್ ಅಂಟನ್ನು ಎರಡೂ ಮೈಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಕಾದು, ಬೆರಳಿಗೆ ಅಂಟದಂತಾದಾಗ ಒತ್ತಿ. ತೊಗಲಿನ ನುಣುಪು ಮೈಗೆ ಅಂಟುವ ಕಡೆ ಎಮರಿಯಲ್ಲಿ ಕೆರೆದಿರಬೇಕು. ತಳದಲ್ಲಿ, ಮೊನೆಗಿಂತ ಕೆಳಗೆ, ನಡುಪಟ್ಟಿ ಇಲ್ಲದ 4 ಮಿ.ಮೀ. ಸಂದು ಬಿಡಿ. ಒಳಹೋದ ನೀರು ಅಲ್ಲಿಂದ ಇಳಿಯುತ್ತದೆ. ಮಲೆನಾಡಿಗೆ ಒರೆ ಮಾಡುವವರು ಇದನ್ನು ಬಿಡಲೇಬಾರದು.

ಹೊಲಿಗೆಯ ಗೆರೆ ಅಂಚಿನಿಂದ 4 ಮಿ.ಮೀ. ಒಳಗೆ, ತೂತಿಗೂ ತೂತಿಗೂ 4 ಮಿ.ಮೀ. ಮೂರು ಪದರ ಸೇರಿ 9 ಮಿ.ಮೀ. ದಪ್ಪ ಇರುವುದರಿಂದ ಸೂಜಿಯಲ್ಲಿ ಚುಚ್ಚುವುದಕ್ಕಿಂತ 1.5 ಮಿ.ಮೀ. ಡ್ರಿಲ್ ನೆಟ್ಟಗೆ ಹಿಡಿದು ಕೊರೆಯುವುದು ಲೇಸು. ಡ್ರಿಲ್ ಓರೆಯಾದರೆ ಹಿಂಬದಿಯ ಹೊಲಿಗೆ ಹಾವಿನಂತೆ ಹರಿಯುತ್ತದೆ. ಹತ್ತಿ ದಾರ ಮಳೆಗೆ ಕೊಳೆಯುತ್ತದೆ, 1 ಮಿ.ಮೀ. ಪಾಲಿಯೆಸ್ಟರ್ ದಾರಕ್ಕೆ ಜೇನುಮೇಣ ಹಚ್ಚಿ ಬಳಸಿ. ಹೊಲಿಗೆಯುದ್ದದ ಎಂಟು ಪಟ್ಟು ದಾರ ಬೇಕು. 150 ಮಿ.ಮೀ. ಹೊಲಿಗೆಗೆ 1.2 ಮೀಟರ್, ಕೈಗೆ ಸಿಗಲು ಇನ್ನೊಂದು 30 ಸೆಂ.ಮೀ. ದಾರದ ಎರಡೂ ತುದಿಗೆ ಒಂದೊಂದು ಮೊಂಡು ಸೂಜಿ. ಒಂದೇ ತೂತಿನಲ್ಲಿ ಎರಡು ಸೂಜಿಯೂ ಎದುರುಬದುರು ಹಾಯಬೇಕು, ಪ್ರತಿ ಸಲ ಒಂದೇ ಸೂಜಿ ಮೊದಲು, ಎಳೆತ ಸಮ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ಕಡಿದರೆ ಸಾಲು ಬಿಚ್ಚುತ್ತದೆ, ಇದರಲ್ಲಿ ಇನ್ನೊಂದು ದಾರ ಹಿಡಿದಿರುತ್ತದೆ. ಕೊನೆಗೆ ಮೂರು ತೂತು ಹಿಂದಕ್ಕೆ ಹೊಲಿದು, ತುದಿ ಕತ್ತರಿಸಿ ಬಿಸಿ ತಾಗಿಸಿ.

ಈಗ ಆಕಾರ. ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ, ಒಂದು ನಿಮಿಷದೊಳಗೆ, ಅದ್ದಿ ತೆಗೆದು, ತೊಗಲಿನ ಬಣ್ಣ ಮತ್ತೆ ತಿಳಿಯಾಗತೊಡಗುವವರೆಗೆ ಬಿಡಿ. ಚೂರಿಗೆ ಕೊಬ್ಬರಿ ಎಣ್ಣೆ ಸವರಿ, ತೆಳು ಪ್ಲಾಸ್ಟಿಕ್ ಮೂರು ಸುತ್ತು ಸುತ್ತಿ ಒಳಗಿಳಿಸಿ. ಪ್ಲಾಸ್ಟಿಕ್ ಇಲ್ಲದಿದ್ದರೆ ತೊಗಲಿನ ಒಗರೂ ಕಬ್ಬಿಣವೂ ಸೇರಿ ಎರಡಕ್ಕೂ ಅಳಿಸಲಾರದ ಕಪ್ಪು ಕಲೆ ಕೂರುತ್ತದೆ. ಅಳಲೆಕಾಯಿ, ಕಬ್ಬಿಣ ಸೇರಿಸಿ ಹಿಂದೆ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ಚಮಚದ ಹಿಂಬದಿಯಿಂದ ಹಿತ್ತಾಳೆಯ ಅಂಚು, ಹೊಟ್ಟೆಯ ಹಿಂದಿನ ಇಳಿಜಾರುಗಳನ್ನು ಒತ್ತಿ ಒತ್ತಿ ಮೂಡಿಸಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ನೆರಳಲ್ಲಿ ಒಂದು ದಿನ, ಮಳೆಗಾಲವಾದರೆ ಎರಡು ದಿನ ಆರಲಿ. ಬೇಗ ಒಣಗಲೆಂದು ಒಲೆಯ ಹತ್ತಿರ ಇಟ್ಟರೆ ಒದ್ದೆ ತೊಗಲು ಮುದುಡಿ ಹಪ್ಪಳದಂತಾಗುತ್ತದೆ.

ಪೂರ್ತಿ ಒಣಗಿದ ಮೇಲೆ ಅಂಚನ್ನು ಎಮರಿಯಲ್ಲಿ ಸಮ ಮಾಡಿ, ತುಸು ನೀರು ಹಚ್ಚಿ ಒರಟು ಬಟ್ಟೆಯಲ್ಲಿ ಹೊಳಪು ಬರುವ ತನಕ ತಿಕ್ಕಿ. ಜೇನುಮೇಣ, ಕೊಬ್ಬರಿ ಎಣ್ಣೆ ಸಮತೂಕ ಕರಗಿಸಿ ಬೆಚ್ಚಗಿರುವಾಗಲೇ ಹೊರಮೈಗೆ ತೆಳುವಾಗಿ ಸವರಿ. ಹೆಚ್ಚು ಎಣ್ಣೆ ಕುಡಿಸಿದ ಒರೆ ಜೋಲುತ್ತದೆ, ಬೂಷ್ಟು ಹಿಡಿಯುವುದೂ ಅದಕ್ಕೇ ಮೊದಲು. ಒಳಮೈಗೆ ಏನೂ ಹಚ್ಚಬೇಡಿ.

ಕೊನೆಗೆ ಮಸೆಯುವುದು

ಮಸೆಗಲ್ಲಿನ ಮೇಲೆ ಪ್ರತಿ ಮೈಗೂ 20 ಡಿಗ್ರಿ. ಕೋನ ಅಳೆಯುವ ಸಾಧನ ಬೇಡ: 26 ಮಿ.ಮೀ. ಅಗಲದ ಈ ಅಲಗಿಗೆ, ಬಾಯಿ ಕಲ್ಲಿಗೆ ತಾಗಿದಾಗ ಬೆನ್ನಿನ ಕೆಳ ಅಂಚು ಕಲ್ಲಿನಿಂದ 7 ಮಿ.ಮೀ. ಮೇಲಿದ್ದರೆ ಅದು 20 ಡಿಗ್ರಿ. ಅಷ್ಟೇ ದಪ್ಪದ ಮರದ ಚಕ್ಕೆಯೊಂದನ್ನು ಕೈಯಲ್ಲಿಟ್ಟುಕೊಂಡು ಆಗಾಗ ತಾಳೆ ನೋಡಿ. ಒಂದು ಕಡೆ ಮಸೆಯುತ್ತಾ ಹೋದಂತೆ ಇನ್ನೊಂದು ಕಡೆ ಉಗುರಿಗೆ ತಡೆಯುವ ಸಣ್ಣ ಮುರುಕು ಏಳುತ್ತದೆ. ಬುಡದಿಂದ ಮೊನೆಯವರೆಗೂ ಅದು ಎದ್ದ ಮೇಲೆಯೇ ಮಗ್ಗುಲು ಬದಲಿಸಿ. 400, 1000ರ ಕಲ್ಲುಗಳಾದ ಮೇಲೆ ಉಳಿದ ತೊಗಲಿನ ಚೂರಿನ ಒರಟು ಮೈಮೇಲೆ ಬೆನ್ನು ಮುಂದಾಗಿ ಇಪ್ಪತ್ತು ಸಲ ಎಳೆಯಿರಿ.

ಸುತ್ತಿದ ದಪ್ಪ ಹಗ್ಗವನ್ನು ಐವತ್ತು ಸಲ ಕತ್ತರಿಸಿ ನೋಡಿ. ಬಾಯಿ ಮಡಚಿಕೊಂಡು ಬೆಳಕಿಗೆ ಹೊಳೆದರೆ ಹದ ಮೆದು. ಸಣ್ಣ ಚೂರು ಎದ್ದಿದ್ದರೆ ಪೆಡಸು ಹೆಚ್ಚಾಗಿದೆ. ಮತ್ತೆ ಹದ ಹಾಕಲೆಂದು ಹಿಡಿ ಬಿಚ್ಚುವ ಮೊದಲು ಕೋನವನ್ನು 23–25 ಡಿಗ್ರಿಗೆ ಏರಿಸಿ ಮಸೆದು ನೋಡಿ, ಹಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಕೆಲಸ ಮುಗಿಸಿ ಬಂದ ದಿನ ಅಲಗು ಒರೆಸಿ ಕೊಬ್ಬರಿ ಎಣ್ಣೆಯ ಒಂದು ಹನಿ ಸವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಚೂರಿ ಒಂದು ಮೊಳೆಗೆ, ಒರೆ ತಲೆಕೆಳಗಾಗಿ ಇನ್ನೊಂದು ಮೊಳೆಗೆ. ತಳದ ಸಂದಿಗೆ ಮಣ್ಣು, ನಾರು ಸಿಕ್ಕಿ ಮುಚ್ಚಿಕೊಂಡಿದ್ದರೆ ವಾರಕ್ಕೊಮ್ಮೆ ಒಂದು ಹಂಚಿಕಡ್ಡಿ ಹಾಕಿ ಬಿಡಿಸಿಕೊಳ್ಳಿ.